ಮದಕದ ವೈರಸ್ಸಿಗೆ ಗೋತ್ರ ಸಿಕ್ಕಿತು

ಅಮೀಬಾದೊಳಗೆ ಬೆಳೆಯುವ, ಬ್ಯಾಕ್ಟೀರಿಯಾದಷ್ಟು ದೊಡ್ಡ 'ದೈತ್ಯ ವೈರಸ್ಸ'ನ್ನು ಮದಕದಲ್ಲಿ, ಅಂದರೆ ಮಳೆನೀರು ನಿಲ್ಲುವ ಕೆರೆಯಲ್ಲಿ, ಹುಡುಕಲು ಹೊರಟಿದ್ದೆ. "ಮದಕದಲ್ಲಿ ದೈತ್ಯ ವೈರಸ್ಸಾ? ಎಮ್ಮೆ ಮೀಯುವ ನೀರು ಮಾರಾಯ್ರೆ ಅದು" ಅಂತ ನಕ್ಕಿದ್ದ ಹಿರಿಯರೊಬ್ಬರು ಹೋದ ತಿಂಗಳು ಫೋನ್ ಮಾಡಿ ನಾನು ಕಟ್ಟಿದ ಆ ವೈರಸ್ಸಿನ ವಂಶವೃಕ್ಷದ ಫೈಲ್ ಕೇಳಿದರು. ಕೊಟ್ಟೆ. ಆದರೆ ಕಾಸರಗೋಡಿನ ಬದಿಯಡ್ಕದ ಕಡೆಯ ಆ ಮದಕದಿಂದ ಅಲ್ಲಿಗೆ ತಲುಪಲು ಎರಡೂವರೆ ವರ್ಷ ಹಿಡಿಯಿತು, ಕೈಯಿಂದ ಸುಮಾರು 90 ಸಾವಿರ ಹೋಯಿತು.

ಮೊದಲ ಏಳೆಂಟು ತಿಂಗಳು ಹಾಳಾದದ್ದು ನನ್ನದೇ ಪೆದ್ದುತನಕ್ಕೆ. ಅಭ್ಯಾಸಬಲದಿಂದ 0.2 ಮೈಕ್ರಾನ್ ಫಿಲ್ಟರಿನಲ್ಲಿ ನೀರು ಸೋಸಿ, ಕೆಳಗಿಳಿದದ್ದನ್ನು ಅಕಾಂತಮೀಬಾಕ್ಕೆ (ಈ ವೈರಸ್ಸುಗಳನ್ನು ಬೆಳೆಸುವ ಅಮೀಬಾ) ಹಾಕುತ್ತಿದ್ದೆ. ಮೈಮೇಲಿನ ನಾರೂ ಸೇರಿ ಮುಕ್ಕಾಲು ಮೈಕ್ರಾನ್ ಇರುವ ಮಿಮಿವೈರಸ್ಸಿನಂಥ ದೈತ್ಯ ಅದರಲ್ಲಿ ಇಳಿಯುವುದುಂಟೇ? ಹಿಡಿಯಬೇಕಾದ್ದನ್ನೆಲ್ಲ ಫಿಲ್ಟರ್ ಸಮೇತ ಆಟೋಕ್ಲೇವಿನಲ್ಲಿ ಬೇಯಿಸಿ ಕೊಂದೆ. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಕೂಲಿಂಗ್ ಟವರಿನಲ್ಲಿ ಸಿಕ್ಕ ಇದೇ ಮಿಮಿವೈರಸ್ಸನ್ನು, ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಬಣ್ಣ ಹಿಡಿಯಿತೆಂದು ಬ್ಯಾಕ್ಟೀರಿಯಾ ಅಂದುಕೊಂಡು, 2003ಕ್ಕೆ ವೈರಸ್ ಎಂದು ಗೊತ್ತಾದ ಕಥೆಯನ್ನು ವರ್ಷವೂ ಕ್ಲಾಸಿನಲ್ಲಿ ಹೇಳುವವ ನಾನು.

ಆಮೇಲೆ 1.2 ಮೈಕ್ರಾನಿಗೆ ಹೋದೆ. ನಾಲ್ಕನೇ ದಿನ ಅಮೀಬಾಗಳೆಲ್ಲ ಒಡೆದವು. ವಿಭಾಗಕ್ಕೆಲ್ಲ ಗೋಳಿಬಜೆ ಕೊಡಿಸಿದೆ. ನೋಡಿದರೆ ಅವನ್ನು ಒಡೆದದ್ದು ವೈರಸ್ಸಲ್ಲ, ಬ್ಯಾಕ್ಟೀರಿಯಾ! ಮೂರು ಆ್ಯಂಟಿಬಯಾಟಿಕ್, ಒಂದು ಫಂಗಸ್ ಮದ್ದು ಸೇರಿಸಿದ ಮೇಲೆ ಹತೋಟಿಗೆ ಬಂತು. ಪ್ರಮಾಣ ಕೇಳಬೇಡಿ, ಅದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಕೆರೆಯ ನೀರನ್ನೂ ತಂದೆ. ಅಮೀಬಾಗಳು ಮುದುಡಿ ಗಟ್ಟಿ ಕವಚದ ಸಿಸ್ಟ್ ಆಗಿ ಕೂತವು, ವೈರಸ್ಸಿಗೆ ಬಾಗಿಲೇ ತೆರೆಯಲಿಲ್ಲ. ಬೋರ್ಡೋದಲ್ಲಿರುವ ಮೈಲುತುತ್ತೇ ಕಾರಣ ಅಂತ ನನ್ನ ಗುಮಾನಿ. ಮಳೆಗಾಲದಲ್ಲಿ ತೋಟದ ನೀರು ಬೇಡವೆಂದು ಅಂದೇ ತೀರ್ಮಾನಿಸಿದೆ.

ಡಿಎನ್‌ಎ ಅಕ್ಷರಗಳನ್ನು ಓದಿಸುವ ಸೀಕ್ವೆನ್ಸಿಂಗಿಗೆ ಮೊದಲ ಸಲ ಕೊಟ್ಟ 32 ಸಾವಿರ ನೀರಲ್ಲಿ ಹೋಮ. ಬಂದ ಡೇಟಾದಲ್ಲಿ ಮುಕ್ಕಾಲು ಪಾಲು ಅಮೀಬಾದ್ದೇ. ಎರಡನೇ ಸಲ ವೈರಸ್ಸನ್ನು ಸುಕ್ರೋಸ್ ದ್ರಾವಣದ ಮೂಲಕ ಇಳಿಸಿ ಬೇರೆ ಮಾಡಿ, ಕವಚ ಒಡೆಯುವ ಮುನ್ನ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ ಹೊರಗಿನ ಡಿಎನ್‌ಎ ತೊಳೆದೆ. ಹೆಚ್ಚುಕಡಿಮೆ 12 ಲಕ್ಷ ಅಕ್ಷರ ಸಿಕ್ಕಿತು, ನಾಲ್ಕೈದು ತುಂಡಾಗಿ.

ನಿಜವಾದ ಪೇಚಾಟ ಶುರುವಾದದ್ದು ಗೋತ್ರ ಹುಡುಕುವಾಗ. ಸುಮಾರು ಸಾವಿರ ಜೀನ್ ಕೈಗೆ ಬಂದಿದೆಯಲ್ಲ ಎಂದು ಬೀಗಿ, ಪ್ರೋಟೀನ್ ಕಟ್ಟಲು ಬೇಕಾಗುವ ಟೈರೋಸಿನ್ ಟಿಆರ್‌ಎನ್‌ಎ ಸಿಂಥಟೇಸನ್ನೂ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸನ್ನೂ ಜೀವಕೋಶಗಳಲ್ಲಿನ ಅದೇ ಜೀನುಗಳ ಜೊತೆ ಕೂರಿಸಿ ಮರ ಕಟ್ಟಿದೆ. ನನ್ನ ವೈರಸ್ ಜೀವಿಗಳ ಮೂರು ಮಹಾಕುಲಗಳಾದ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯೋಟುಗಳಿಂದ (ಗಿಡ, ಪ್ರಾಣಿ, ಅಮೀಬಾ ಸೇರುವ ಗುಂಪು) ಬೇರೆಯಾಗಿ ನಾಲ್ಕನೇ ಕೊಂಬೆಯಾಗಿ ನಿಂತಿತು. ನಾಲ್ಕನೇ ಡೊಮೇನ್, ಅಂದರೆ ನಾಲ್ಕನೇ ಮಹಾಕುಲ! ಎರಡು ರಾತ್ರಿ ನಿದ್ದೆ ಬರಲಿಲ್ಲ. ಪ್ರಬಂಧ ಕಳಿಸಿದೆ, ಎರಡೇ ಸಾಲಿನ ಉತ್ತರದೊಂದಿಗೆ ವಾಪಸು ಬಂತು.

ಪ್ರಬಂಧದ ಪರಿಶೀಲಕರು ಹೇಳಿದ್ದೇ ಸರಿ. ಬೇಗ ಬದಲಾಗುವ ಜೀನಿನ ಉದ್ದ ಕೊಂಬೆಗಳು ಸುಮ್ಮನೆ ಬುಡಕ್ಕೆ ಜಾರುತ್ತವೆ. ಸಿಂಥಟೇಸ್ ಮರಕ್ಕೆ ಇನ್ನೂ ಮೂವತ್ತು ನಲವತ್ತು ಯೂಕ್ಯಾರಿಯೋಟುಗಳನ್ನು, ಅದರಲ್ಲೂ ಅಮೀಬಾಗಳನ್ನು ಸೇರಿಸಿದ್ದೇ ತಡ, ನನ್ನ 'ಪುರಾತನ' ಜೀನ್ ಹೋಗಿ ಅಮೀಬಾಗಳ ಮಗ್ಗುಲಲ್ಲಿ ಕೂತಿತು. ಅತಿಥೇಯನ ಮನೆಯಿಂದ ಎತ್ತಿಕೊಂಡ ಪಾತ್ರೆ ನೋಡಿ ಕುಲ ಹೇಳಲು ಹೊರಟಿದ್ದೆ.

ಅದಾದ ಮೇಲೆ ಜೀವವೃಕ್ಷದ ಗೊಡವೆ ಬಿಟ್ಟೆ. ವೈರಸ್ಸುಗಳಲ್ಲೇ ತಲೆಮಾರಿನಿಂದ ಇಳಿದು ಬಂದ ಏಳು ಜೀನುಗಳನ್ನು ಮಾತ್ರ ಇಟ್ಟುಕೊಂಡೆ: ಡಿಎನ್‌ಎ ನಕಲಿಸುವ ಡಿಎನ್‌ಎ ಪಾಲಿಮರೇಸ್ ಬಿ, ಡಿಎನ್‌ಎಯನ್ನು ಕವಚದೊಳಗೆ ತುಂಬುವ ಎ32, ಜೀನುಗಳನ್ನು ಚಾಲೂ ಮಾಡುವ ವಿಎಲ್‌ಟಿಎಫ್3 ಇತ್ಯಾದಿ. ಕವಚದ ಜೀನನ್ನು ಬೇಕೆಂದೇ ಬಿಟ್ಟೆ, ನಾಲ್ಕಾರು ಪ್ರತಿಗಳಿರುವುದರಿಂದ ಯಾವುದನ್ನು ಹಿಡಿಯುವುದೆಂದೇ ತಿಳಿಯುವುದಿಲ್ಲ. "ಏಳು ಜೀನಿನಲ್ಲಿ ಏನು ಗೊತ್ತಾಗುತ್ತದೆ?" ಎಂದು ಕೇಳದವರಿಲ್ಲ. ಬೇರೆ ಬೇರೆ ವೈರಸ್ಸುಗಳ ಜೀನುಗಳನ್ನು ಒಂದರ ಕೆಳಗೊಂದು ಜೋಡಿಸಿದ ಸಾಲುಗಳನ್ನು ಕತ್ತರಿಸುವಲ್ಲಿ ಒಂದು ಕೈಚಳಕವಿದೆ, ಅದನ್ನು ಮುಂದಿನ ಪ್ರಬಂಧಕ್ಕೆ ಇಟ್ಟಿದ್ದೇನೆ.

ಜುಲೈ ತಿಂಗಳು, 8 ಜಿಬಿಯ ಹಳೇ ಲ್ಯಾಪ್‌ಟಾಪ್, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು. ಮರ ಕಟ್ಟುವ ಸಾಫ್ಟ್‌ವೇರ್ ಐಕ್ಯೂ-ಟ್ರೀ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಇಲ್ಲದಿದ್ದರೆ ನನ್ನ ಕಥೆ ಮುಗಿದಿತ್ತು. ಆರನೇ ದಿನ ಮರ ಬಂತು: ದೊಡ್ಡ ಡಿಎನ್‌ಎ ವೈರಸ್ಸುಗಳ ನ್ಯೂಕ್ಲಿಯೋಸೈಟೋವಿರಿಕೋಟಾ ವಂಶ, ಅದರೊಳಗೆ ಇಮಿಟರ್‌ವಿರಾಲಿಸ್ ಗಣ, ಅದರಲ್ಲಿ ಮೆಗಾವೈರಸ್ ಕವಲು. ಮುಂಬೈಯ ಪೊವಾಯಿ ಕೆರೆಯ ಮೆಗಾವೈರಸ್ಸಿನ ದಾಯಾದಿ. ಕವಲು ಎಷ್ಟು ಗಟ್ಟಿ ಎಂದು ಹೇಳುವ ಬೂಟ್‌ಸ್ಟ್ರಾಪ್ ಅಂಕ ನೂರಕ್ಕೆ 98ರ ಮೇಲೆ. ಲೆಕ್ಕಾಚಾರದ ಮಾದರಿ ಬದಲಿಸಿ ಮೂರು ಸಲ ಕಟ್ಟಿದರೂ ಅಲುಗಲಿಲ್ಲ.

ಈಗ ಮನೆ ಹಿಂದಿನ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರು ಪ್ಲೇಟಿನಲ್ಲಿದೆ. ಹನ್ನೊಂದು ದಿನವಾಯಿತು, ಅಮೀಬಾಗಳು ಇನ್ನೂ ಗಟ್ಟಿಮುಟ್ಟಾಗಿಯೇ ಇವೆ.