ಬಾಲಣ್ಣನ ವಿಡಿಯೋ ಎಡಿಟ್ ಮಾಡೋಕೆ ಕೂತಾಗ

ಜುಲೈ 19 ಬಾಲಣ್ಣನ ಪುಣ್ಯತಿಥಿ, ನಮ್ಮ ಹಳೇ ಕನ್ನಡ ಸಿನಿಮಾಗಳ ನಟ ಟಿ.ಎನ್. ಬಾಲಕೃಷ್ಣ ಅವ್ರು 1995ರಲ್ಲಿ ಹೋದ್ರು. ಪ್ರತಿ ವರ್ಷ ಒಂದು ಫೋಟೋ ಸ್ಟೇಟಸ್ ಇಟ್ಟು ಸುಮ್ನಾಗ್ತಿದ್ದೆ, ಈ ಸಲ ನಾಲ್ಕು ನಿಮಿಷದ್ದಾದ್ರೂ ಒಂದು ವಿಡಿಯೋ ಮಾಡೋಣ ಅಂತ ಫೋನಲ್ಲೇ ಎಡಿಟಿಂಗ್ ಶುರು ಹಚ್ಕೊಂಡೆ.

ಮೊದ್ಲು ಎಲ್ಲರೂ ಮಾಡೋ ಥರನೇ ಮಾಡ್ದೆ, ಬರೀ ಅವರ ಕ್ಲೋಸಪ್ಪು, ಅವರ ಡೈಲಾಗು, ಹಿಂದೆ ಅಳು ಬರೋ ಕೊಳಲು. ನೋಡಿದ್ರೆ ಸಪ್ಪೆ! ಅಮ್ಮ ನೋಡಿ "ಇದೇನೋ, ಬಾಲಣ್ಣನ್ನ ನೋಡಿದ್ರೂ ನಗು ಬರ್ತಿಲ್ವಲ್ಲೋ" ಅಂದ್ರು.

ಅವತ್ತು ರಾತ್ರಿ ಎಲ್ಲರೂ ಮಲಗಿದ್ರು ಅಂತ ಸೌಂಡ್ ಪೂರ್ತಿ ತೆಗೆದು ಬಂಗಾರದ ಮನುಷ್ಯ ಸಿನಿಮಾ ಹಾಕ್ಕೊಂಡು ಅದರಲ್ಲಿ ಅವರು ಮಾಡಿರೋ ರಾಚೂಟಪ್ಪನ ಪಾತ್ರದ ಸೀನುಗಳನ್ನ ಹುಡುಕ್ತಾ ಕೂತಿದ್ದೆ. ಬಾಲಣ್ಣಂಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಎದುರಿನವರ ತುಟಿ ನೋಡ್ಕೊಂಡೇ ಡೈಲಾಗ್ ಹೇಳ್ತಿದ್ರು ಅಂತ ಚಿಕ್ಕಂದಿನಿಂದ ಕೇಳಿದ್ದೆ, ಆದ್ರೆ ಕಣ್ಣಾರೆ ನೋಡಿರ್ಲಿಲ್ಲ, ಯಾಕಂದ್ರೆ ನಾವೂ ಸೌಂಡ್ ಕೇಳ್ತಾನೇ ನೋಡ್ತಿದ್ವಲ್ಲ. ಮ್ಯೂಟಲ್ಲಿ ನೋಡಿದ್ರೆ ಎದುರಿಗಿರೋರು ಮಾತಾಡ್ತಿದ್ದಷ್ಟು ಹೊತ್ತೂ ಇವರ ಮುಖದಲ್ಲಿ ಏನೋ ಒಂದು ನಡೀತಾನೇ ಇರುತ್ತೆ, ಹುಬ್ಬು ಮೇಲೇರುತ್ತೆ, ಬಾಯಿ ಅರ್ಧ ತೆರ್ಕೊಳುತ್ತೆ, ಆಮೇಲೆ ಮಾತು. ನಾನು ಕಟ್ ಮಾಡಿ ಎಸೆದಿದ್ದೇ ಈ ಜಾಗನ!

ಮತ್ತೆ ಮೊದಲಿಂದ ಶುರು ಮಾಡ್ದೆ. ಪ್ರತಿ ಕ್ಲಿಪ್ಪಲ್ಲೂ ಎದುರಿನವರ ಡೈಲಾಗ್ ಪೂರ್ತಿ ಇಟ್ಟೆ, ಇಬ್ಬರೂ ಕಾಣೋ ಶಾಟ್ ಇದ್ರೆ ಕ್ಲೋಸಪ್ ಮುಟ್ಟಲೇ ಇಲ್ಲ, ಇವರ ಮಾತು ಮುಗಿದ ಮೇಲೂ ಒಂದು ಸೆಕೆಂಡ್ ಬಿಟ್ಟೆ. ಕೊಳಲು ಡಿಲೀಟ್. ಹದಿನೆಂಟು ಕ್ಲಿಪ್ ಇದ್ದಿದ್ದು ಏಳಕ್ಕೆ ಬಂತು, ಹೊಟ್ಟೆ ಉರೀತು, ಆದ್ರೂ ಅದೇ ಸರಿ. 1960ರ ರಣಧೀರ ಕಂಠೀರವ ಸಿನಿಮಾನ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಇವರೂ ನಿರ್ಮಾಣ ಮಾಡಿದ್ದು, ಅಭಿಮಾನ್ ಸ್ಟುಡಿಯೋ ಕಟ್ಟಿದ್ದು, ಇವೆರಡನ್ನೂ ಕೊನೇಲಿ ಎರಡು ಸಾಲು ಅಕ್ಷರದಲ್ಲಿ ಹಾಕ್ದೆ, ಅದನ್ನೆಲ್ಲ ಓದಿ ಹೇಳೋಕೆ ನನ್ನ ದನಿ ಬೇಡ ಅನ್ನಿಸ್ತು.

ಅಪ್ಲೋಡ್ ಮಾಡಿದ ಮಾರನೇ ದಿನ ಕಾಪಿರೈಟ್ ಅಂತ ಮಧ್ಯದ ಒಂದು ನಿಮಿಷದ ಸೌಂಡ್ ಕಿತ್ತಾಕಿದ್ರು. ತಲೆ ಕೆಟ್ಟು ತೆಗೆದೇ ಬಿಡೋಣ ಅಂತಿದ್ದೆ, ಅಷ್ಟರಲ್ಲಿ ಅಮ್ಮ ನನ್ನ ಫೋನ್ ಇಸ್ಕೊಂಡು ನೋಡಿದ್ರು, ಸೌಂಡ್ ಇಲ್ದೇ ಇರೋ ಆ ಭಾಗಕ್ಕೇ ಬಿದ್ದು ಬಿದ್ದು ನಕ್ರು. ಹಾಗೇ ಬಿಟ್ಟಿದ್ದೀನಿ.