ಹಳೆ 8051 ಅಸೆಂಬ್ಲಿ ಕೋಡನ್ನು ಕಾರ್ಟೆಕ್ಸ್-ಎಂ ಚಿಪ್‌ಗೆ ತರುವಾಗ

ದ್ರವವನ್ನು ಅಳತೆ ಮಾಡಿ ಸುರಿಯುವ ಒಂದು ಪಂಪ್ ಕಂಟ್ರೋಲರ್. ಒಳಗೆ 8051 ಅನ್ನುವ ಹಳೆ ಎಂಟು ಬಿಟ್ ಮೈಕ್ರೋಕಂಟ್ರೋಲರ್ ಚಿಪ್, ಅದರಲ್ಲಿ ಸುಮಾರು ನಾಲ್ಕು ಸಾವಿರ ಸಾಲು ಅಸೆಂಬ್ಲಿ. ಅದನ್ನು 72 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ3 (ಆರ್ಮ್ ಕುಟುಂಬದ 32 ಬಿಟ್ ಪ್ರೊಸೆಸರ್) ಮೇಲೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾರ ಒಂದೊಂದೇ ಇನ್‌ಸ್ಟ್ರಕ್ಷನ್ ಹಿಡಿದು ಅದಕ್ಕೆ ಸಮನಾದ ಆರ್ಮ್ ಇನ್‌ಸ್ಟ್ರಕ್ಷನ್ ಹುಡುಕುತ್ತಾ ಕೂತೆ. ಆಮೇಲೆ ಅದನ್ನೆಲ್ಲ ಅಳಿಸಿ ಹಾಕಿದೆ. ಹಳೆ ಚಿಪ್ ಹೇಳದೆಯೇ ಮಾಡಿಕೊಡುತ್ತಿದ್ದ ಕೆಲಸಗಳಿವೆಯಲ್ಲ, ಅವು ಯಾವ ಸಾಲಿನಲ್ಲೂ ಕಾಣುವುದಿಲ್ಲ. ಕೈಕೊಡುವುದು ಅವೇ.

ಕೋಡ್ ಓದುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕೈಗೆ ಸಿಕ್ಕ ಸೋರ್ಸನ್ನು ಅಸೆಂಬಲ್ ಮಾಡಿ, ಬಂದ ಹೆಕ್ಸ್ ಫೈಲನ್ನು (ಚಿಪ್‌ಗೆ ತುಂಬುವ ಯಂತ್ರ ಕೋಡು) ಚಿಪ್‌ನೊಳಗಿನ ಹೆಕ್ಸ್ ಜೊತೆ ಹೋಲಿಸಿ. ನನ್ನ ವಿಷಯದಲ್ಲಿ ಎರಡೂ ಬೇರೆ ಬೇರೆ ಇದ್ದವು. ಯಾರೋ ಕೊನೆಯ ತಿದ್ದುಪಡಿಯನ್ನು ಚಿಪ್‌ಗೆ ಹಾಕಿ, ಸೋರ್ಸನ್ನು ಉಳಿಸಿಯೇ ಇರಲಿಲ್ಲ. ಚಿಪ್ ಲಾಕ್ ಆಗಿದ್ದರೆ ಓದಲು ಬರುವುದಿಲ್ಲ. ಆಗ ಹಳೆ ಬೋರ್ಡ್ ನಡೆಯುವ ರೀತಿಯೇ ನಿಮಗೆ ಆಧಾರ. ಅದು ಇನ್ನೂ ಕೆಲಸ ಮಾಡುತ್ತಿರುವಾಗಲೇ ಲಾಜಿಕ್ ಅನಲೈಸರ್ ಹಚ್ಚಿ, ಪ್ರತಿ ಪಿನ್‌ನ ಸಿಗ್ನಲ್ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಆಮೇಲೆ ಸಮಯದ ಲೆಕ್ಕ. ಮೂಲ 8051ರಲ್ಲಿ 12 ಕ್ಲಾಕ್ ಸೇರಿದರೆ ಒಂದು ಮೆಷಿನ್ ಸೈಕಲ್. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಸರಿಯಾಗಿ 1 ಮೈಕ್ರೋಸೆಕೆಂಡ್. ಆರ್7 ರಿಜಿಸ್ಟರ್‌ಗೆ 250 ತುಂಬಿ (1 ಸೈಕಲ್), ಒಂದೊಂದೇ ಕಳೆದು ಸೊನ್ನೆಯಾಗುವವರೆಗೆ ಜಿಗಿಯುವ ಡಿಜೆಎನ್‌ಝಡ್ ಹಾಕಿ (ಸುತ್ತಿಗೆ 2 ಸೈಕಲ್) ಅಲ್ಲೇ ಸುತ್ತಿಸಿದರೆ 501 ಮೈಕ್ರೋಸೆಕೆಂಡ್ ಅಂತ ಕಣ್ಣಲ್ಲೇ ಲೆಕ್ಕ ಹಾಕಬಹುದು. ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಆಗಿದ್ದರೆ ಸೈಕಲ್ ಸುಮಾರು 1.085 ಮೈಕ್ರೋಸೆಕೆಂಡ್, ಹಾಗಾಗಿ ಮೊದಲು ಬೋರ್ಡ್ ಮೇಲಿನ ಕ್ರಿಸ್ಟಲ್ ನೋಡಿ. ಇಂಥ ಲೂಪ್‌ಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಷ್ಟ ಇರುವುದು ಮಧ್ಯದಲ್ಲಿ ಸುಮ್ನೆ ಬಿದ್ದಿರುವ ಎರಡು ನಾಪ್‌ಗಳಲ್ಲಿ, ಅಂದರೆ ಏನೂ ಮಾಡದೆ ಸಮಯ ಕಳೆಯುವ ಇನ್‌ಸ್ಟ್ರಕ್ಷನ್‌ಗಳಲ್ಲಿ. ನಮ್ಮ ಕೋಡಿನಲ್ಲಿ ಎಡಿಸಿ (ಅನಲಾಗ್ ಸಿಗ್ನಲ್ ಅನ್ನು ಅಂಕಿ ಮಾಡುವ) ಚಿಪ್‌ನ ಸೆಲೆಕ್ಟ್ ಪಿನ್ ಕೆಳಗಿಳಿಸಿದ ಮೇಲೆ ಹಾಗೆ ಎರಡಿದ್ದವು, ಕಾಮೆಂಟ್ ಇರಲಿಲ್ಲ. ಎಡಿಸಿ ತಯಾರಾಗಲು ಬೇಕಿದ್ದ 2 ಮೈಕ್ರೋಸೆಕೆಂಡ್ ಅದು. ಆರ್ಮ್‌ನಲ್ಲಿ ನಾಪ್ ಇಷ್ಟೇ ಸಮಯ ತೆಗೆದುಕೊಳ್ಳುತ್ತದೆ ಅನ್ನುವ ಭರವಸೆಯೇ ಇಲ್ಲ. ಪ್ರತಿ ನಾಪ್ ಎದುರಿಗೂ ಅದು ಯಾಕಿದೆ ಅಂತ ಬರೆಯಿರಿ. ಸಮಯಕ್ಕಾಗಿ ಇದ್ದರೆ ಹಾರ್ಡ್‌ವೇರ್ ಟೈಮರ್ ಬಳಸಿ, ಅಥವಾ ಎಂ3ಯಲ್ಲಿರುವ ಸೈಕಲ್ ಕೌಂಟರ್ ಬಳಸಿ. ಎಂ0ದಲ್ಲಿ ಆ ಕೌಂಟರ್ ಇಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯ. ಹಳೆ ಕೋಡು ಫ್ಲೋ ಸೆನ್ಸರ್‌ನ ಪಲ್ಸ್‌ಗಳನ್ನು ಎಂಟು ಬಿಟ್‌ನಲ್ಲಿ ಎಣಿಸುತ್ತಿತ್ತು, ಅಂದರೆ 255 ಆದ ಮೇಲೆ ಮತ್ತೆ 0. ಈಗಿನ ಎಣಿಕೆಯಿಂದ ಶುರುವಿನ ಎಣಿಕೆ ಕಳೆದರೆ ಎಷ್ಟು ದ್ರವ ಹೋಯಿತು ಅಂತ ಗೊತ್ತಾಗುತ್ತದೆ. ಶುರುವಿನಲ್ಲಿ 250, ಈಗ 3 ಅಂದುಕೊಳ್ಳಿ. ಎಂಟು ಬಿಟ್‌ನಲ್ಲಿ 3ರಿಂದ 250 ಕಳೆದರೆ 9. ಉತ್ತರ ಸರಿ. ನಾನು ಸಿ ಭಾಷೆಯಲ್ಲಿ ಎರಡಕ್ಕೂ ಎಂಟು ಬಿಟ್‌ನ ಅನ್‌ಸೈನ್ಡ್ ಟೈಪ್ ಕೊಟ್ಟು ನೆಮ್ಮದಿಯಾಗಿದ್ದೆ. ಆದರೆ ಸಿ ಕಳೆಯುವ ಮುಂಚೆ ಎರಡನ್ನೂ ಇಂಟ್ (ಮೈನಸ್ ಸಂಖ್ಯೆಯನ್ನೂ ಹಿಡಿಯುವ ದೊಡ್ಡ ಟೈಪ್) ಮಾಡಿಕೊಳ್ಳುತ್ತದೆ. ಉತ್ತರ ಮೈನಸ್ 247. "9ಕ್ಕಿಂತ ಕಡಿಮೆ ಇರುವವರೆಗೆ ಪಂಪ್ ಓಡಲಿ" ಅನ್ನುವ ಷರತ್ತು ನಿಜವಾಗಿಯೇ ಉಳಿಯಿತು, ಪಂಪ್ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಅದೃಷ್ಟಕ್ಕೆ ಪಾತ್ರೆಯಲ್ಲಿದ್ದದ್ದು ನೀರು. ಕಳೆದ ಉತ್ತರವನ್ನು ಮತ್ತೆ ಎಂಟು ಬಿಟ್‌ಗೆ ಕಾಸ್ಟ್ ಮಾಡಿ, ಆಮೇಲೆ ಹೋಲಿಸಿ. ಹಳೆ ಕೋಡಿನಲ್ಲಿ ಕೂಡಿಸುವ, ಕಳೆಯುವ ಪ್ರತಿ ಜಾಗಕ್ಕೂ ಹೋಗಿ ಇದನ್ನು ನೋಡಬೇಕು. ಬೇರೆ ದಾರಿ ಇಲ್ಲ.

ಇಂಟರಪ್ಟ್ ಫ್ಲ್ಯಾಗ್‌ಗಳ ಕಥೆಯೂ ಹೀಗೇ. ಇಂಟರಪ್ಟ್ ಅಂದರೆ ನಡೆಯುತ್ತಿರುವ ಕೆಲಸ ತಡೆದು ನಡುವೆ ಓಡುವ ಕೋಡು, ಫ್ಲ್ಯಾಗ್ ಅಂದರೆ ಏನೋ ಆಯಿತು ಅಂತ ಅದು ಏರಿಸುವ ಬಿಟ್. 8051ರಲ್ಲಿ ಜೆಬಿಸಿ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ. ಒಂದು ಬಿಟ್ ನೋಡಿ, 1 ಇದ್ದರೆ ಅಳಿಸಿ, ಜಿಗಿಯುತ್ತದೆ. ಇಷ್ಟೂ ಒಂದೇ ಏಟಿಗೆ, ಮಧ್ಯೆ ಇಂಟರಪ್ಟ್ ನುಗ್ಗುವಂತಿಲ್ಲ. ಅದನ್ನೇ ಸಿಯಲ್ಲಿ ಒಂದು ಬೈಟ್‌ನೊಳಗಿನ ಬಿಟ್ ಅಳಿಸುವಂತೆ ಬರೆದರೆ, ಓದು, ತಿದ್ದು, ಬರೆ ಅಂತ ಮೂರು ಹೆಜ್ಜೆಯಾಗುತ್ತದೆ. ನಡುವೆ ಇಂಟರಪ್ಟ್ ಬಂದು ಪಕ್ಕದ ಬಿಟ್ ಏರಿಸಿದರೆ ಅದು ಕಳೆದೇ ಹೋಗುತ್ತದೆ. ನಾನು ಈಗ ಒಂದೊಂದು ಫ್ಲ್ಯಾಗ್‌ಗೂ ಒಂದು ಇಡೀ ಬೈಟ್ ಕೊಡುತ್ತೇನೆ, ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರ್‌ಗೆ ಸೂಚನೆ) ಅಂತ ಬರೆಯುತ್ತೇನೆ, ಮೊದಲು ಫ್ಲ್ಯಾಗ್ ಅಳಿಸಿ ಆಮೇಲೆ ಕೆಲಸ ಮಾಡುತ್ತೇನೆ. 8051 ಬಿಟ್ ಜಾಗಕ್ಕೆ ಇಟ್ಟದ್ದೇ 16 ಬೈಟ್, ಅಲ್ಲಿ ಜಿಪುಣತನ ಬೇಕಿತ್ತು. ಇಲ್ಲಿ ಬೇಡ, ಅಲ್ವಾ?

ಇಂಟರಪ್ಟ್ ಶುರುವಾಗುವಾಗ ಎಸಿಸಿ, ಪಿಎಸ್‌ಡಬ್ಲ್ಯೂ ಅನ್ನುವ 8051 ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ಪುಶ್ ಮಾಡಿ ಉಳಿಸುವ ಸಾಲುಗಳನ್ನು ಬಿಟ್ಟುಬಿಡಿ. ಕಾರ್ಟೆಕ್ಸ್-ಎಂ ಎಂಟು ರಿಜಿಸ್ಟರ್‌ಗಳನ್ನು ತಾನೇ ಸ್ಟ್ಯಾಕ್‌ಗೆ ಹಾಕುತ್ತದೆ, ಉಳಿದದ್ದನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಅಸೆಂಬ್ಲಿಯಲ್ಲೇ ಉಳಿಯಬೇಕಾದರೆ ಕ್ಯಾರಿ (ಕೂಡಿಸಿ ಕಳೆಯುವಾಗ ದಶಕ, ಸಾಲ ತೋರಿಸುವ ಬಿಟ್) ಮೇಲೆ ಕಣ್ಣಿಡಿ. ಕಳೆಯುವಾಗ ಸಾಲ ತೆಗೆದರೆ 8051ರಲ್ಲಿ ಕ್ಯಾರಿ 1 ಆಗುತ್ತದೆ, ಆರ್ಮ್‌ನಲ್ಲಿ 0.

ಕೊನೆಗೆ ಪರೀಕ್ಷೆ. ಎರಡೂ ಬೋರ್ಡ್‌ಗಳಿಗೆ ಒಂದೇ ಪಲ್ಸ್ ಕೊಟ್ಟು, ಔಟ್‌ಪುಟ್‌ಗಳನ್ನು ಹೋಲಿಸಿ ನೋಡಿ. 16 ಬಿಟ್ ಕೌಂಟರ್ 10 ಮಿಲಿಸೆಕೆಂಡ್‌ಗೊಮ್ಮೆ ಏರಿದರೆ ಸೊನ್ನೆಗೆ ತಿರುಗಲು ಸುಮಾರು 11 ನಿಮಿಷ ಬೇಕು. ಐದು ನಿಮಿಷ ಓಡಿಸಿ ಎದ್ದು ಹೋದರೆ ತಪ್ಪು ಸಿಗುವುದೇ ಇಲ್ಲ. ಅದಕ್ಕೇ ನಾನು ಟೆಸ್ಟ್ ಬಿಲ್ಡ್‌ನಲ್ಲಿ ಆ ಕೌಂಟರ್ ಅನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ, 65530ರಿಂದ ಶುರು ಮಾಡುತ್ತೇನೆ.