ಅಚ್ಚಿಗೆ ಕಳಿಸುವ ಮುನ್ನ ಒಂದು ಹಠಮಾರಿ ಸಾಲು

ಯಾವುದೇ ಪುಸ್ತಕದ ಕೆಲಸ ಒಪ್ಪಿಕೊಂಡ ದಿನ ನಾನು ಹಸ್ತಪ್ರತಿ ಓದಲು ಕೂರುವುದಿಲ್ಲ. ಮೊದಲು, ಅಚ್ಚಿನಲ್ಲಿ ಕೆಡುವ ಅಕ್ಷರಗಳನ್ನು ಕೂಡಿಸಿದ ಅರ್ಥವಿಲ್ಲದ ಒಂದು ಸಾಲನ್ನು ಪುಟವಿನ್ಯಾಸ ಮಾಡುವವರಿಗೆ ಕಳಿಸುತ್ತೇನೆ: ‘ರಾಷ್ಟ್ರೀಯ ಸ್ವಾತಂತ್ರ್ಯದ ವೈಶಿಷ್ಟ್ಯ, ಸ್ತ್ರೀ, ಕೈಂಕರ್ಯ, ರ‍್ಯಾಂಕ್, ರಾಜ್‌ಕುಮಾರ್, ಜ್ಞಾನಾರ್ಜನೆ, ದಧಿ, ಕಥೆ, 1956.’ ಇದನ್ನು ಪುಟಕ್ಕೆ ಹಾಕಿ, ಪಿಡಿಎಫ್ ಮಾಡಿ, ಕಾಗದದ ಮೇಲೆ ಮುದ್ರಿಸಿ ಕೊಡಿ ಎನ್ನುತ್ತೇನೆ. ಮೊಬೈಲಿನಲ್ಲಿ ಚಿತ್ರ ಕಳಿಸಿದರೆ ಒಪ್ಪುವುದಿಲ್ಲ, ಕಾಗದವೇ ಬೇಕು. ‘ಈ ಅಮ್ಮನ ಮಂತ್ರ ಬಂತು’ ಎಂದು ಧಾರವಾಡದ ಹುಡುಗರು ನಗುತ್ತಾರೆ. ನಗಲಿ.

ಈ ಮಂತ್ರ ನನಗೆ ದಕ್ಕಿದ್ದು ಒಂದು ಹೈಸ್ಕೂಲಿನ ಸ್ಮರಣ ಸಂಚಿಕೆಯಿಂದ. ನಾನು, ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದ್ದೆ. ಮುದ್ರಣಾಲಯದಲ್ಲಿದ್ದದ್ದು ಪೇಜ್‌ಮೇಕರ್. ಆ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ಯೂನಿಕೋಡ್ ಗೊತ್ತಿಲ್ಲ, ಆದ್ದರಿಂದ ಅವರು ಪರಿವರ್ತಕದಲ್ಲಿ ಹಾಕಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ತಿರುಗಿಸಿಕೊಂಡರು. ಹಳೆಯ ವಿದ್ಯಾರ್ಥಿಗಳ ಇಮೇಲ್ ವಿಳಾಸಗಳಿದ್ದ ಎರಡು ಪುಟ ಕನ್ನಡ ಅಕ್ಷರಗಳ ಚಿತ್ರಾನ್ನವಾಗಿ ಅಚ್ಚಾದವು. ರ‍್ಯಾಂಕ್ ಪಡೆದವರ ಪಟ್ಟಿಯಲ್ಲಿ ‘ರ‍್ಯಾ’ ಇದ್ದಲ್ಲೆಲ್ಲ ಅರ್ಕಾವತ್ತು ಬಂದು ಕೂತಿತು. ಆರುನೂರು ಪ್ರತಿ. ಕರಡು ತಿದ್ದಿದ್ದವಳು ನಾನೇ, ಆದರೆ ತಿದ್ದಿದ್ದು ಪರಿವರ್ತನೆಗೆ ಮುಂಚೆ.

ಇಲ್ಲಿ ಆದದ್ದೇನೆಂದು ಸಂಪಾದಕರಿಗೆ ತಿಳಿದಿರಬೇಕು. ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ತುಣುಕುಗಳ ವೇಷ ಹಾಕಿರುತ್ತದೆ. ನಿಜವಾದ ಇಂಗ್ಲಿಷ್ ಪದ ಬಂದರೆ ಅದಕ್ಕೂ ಅದೇ ವೇಷ ಬೀಳುತ್ತದೆ. ಆದ್ದರಿಂದ ಪರಿವರ್ತನೆ ತಪ್ಪದು ಎಂದಾದರೆ ಇಮೇಲ್, ಜಾಲತಾಣದ ವಿಳಾಸ, ರೋಮನ್ ಹೆಸರುಗಳನ್ನೆಲ್ಲ ಮೊದಲೇ ಬಣ್ಣ ಹಚ್ಚಿ ಗುರುತಿಸಿ, ಪುಟದಲ್ಲಿ ಒಂದೊಂದಾಗಿ ಫಾಂಟು ಬದಲಿಸಿಸಿ. ಇದಕ್ಕಿಂತ ಒಳ್ಳೆಯ ದಾರಿ ಪರಿವರ್ತನೆಯನ್ನೇ ಕೈಬಿಡುವುದು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿರಬೇಕು. ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿ ಬೀಳುತ್ತವೆ, ಹುಡುಗರು ‘ಇನ್‌ಡಿಸೈನ್‌ಗೆ ಕನ್ನಡ ಬರುವುದಿಲ್ಲ’ ಎಂದು ಕೈಚೆಲ್ಲುತ್ತಾರೆ. ದುಡ್ಡಿಲ್ಲದವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶ ಇದೆ. 1.6ನೇ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ, 1.4ರಲ್ಲಿ ಕೂರುವುದಿಲ್ಲ.

ಲೇಖಕರಿಂದ ಬಂದ ಕಡತದಲ್ಲಿ ಕಣ್ಣಿಗೆ ಕಾಣದ ಎರಡು ಕಳ್ಳರಿರುತ್ತಾರೆ. ಒಬ್ಬ ಅನುಸ್ವಾರದ ಜಾಗದಲ್ಲಿ ಕೂತ ಕನ್ನಡದ ಸೊನ್ನೆ ‘೦’. ಇನ್ನೊಬ್ಬ ಅರ್ಕಾವತ್ತಿನ ಜಾಗದಲ್ಲಿ ಕೂತ ಕನ್ನಡದ ಒಂಬತ್ತು ‘೯’: ‘ಕಾಯ೯ಕ್ರಮ’. ಬೆರಳಚ್ಚು ಯಂತ್ರದ ಕಾಲದ ಮೇಷ್ಟ್ರುಗಳಿಗೆ ಇದು ಕೈಗೆ ಹತ್ತಿದ ಅಭ್ಯಾಸ, ಬೈಯುವಂತಿಲ್ಲ. ಆದರೆ ಫಾಂಟು ಬದಲಾದೊಡನೆ ಆ ಸೊನ್ನೆ ದಪ್ಪಗಾಗಿ ಎದ್ದು ಕಾಣುತ್ತದೆ, ಪದಸೂಚಿ ಮಾಡುವಾಗ ‘ಪಂಪ’ ಎಂದು ಹುಡುಕಿದರೆ ಅರ್ಧ ಪಂಪರು ಸಿಗುವುದೇ ಇಲ್ಲ. ಪುಟ ಕಟ್ಟುವ ಮೊದಲೇ ಈ ಎರಡನ್ನೂ ಹುಡುಕಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ, ನಿಜವಾದ ಕನ್ನಡ ಅಂಕಿಗಳೂ ಇರಬಹುದು. ೯ಕ್ಕಂತೂ ಸುಮ್ಮನೆ ‘ರ್’ ಹಾಕಿದರೆ ಸಾಲದು, ಅದು ವ್ಯಂಜನಕ್ಕಿಂತ ಮೊದಲು ಬರಬೇಕು.

ಸಾಲುಗಳ ಅಂತರದ ಬಗ್ಗೆ ನನಗೆ ಹಠವಿದೆ. 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಅಂತರ ಕೊಡುವುದು ಇಂಗ್ಲಿಷಿನ ರೂಢಿ. ಕನ್ನಡದಲ್ಲಿ ‘ಸ್ವಾತಂತ್ರ್ಯ’ದ ಎರಡು ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸನ್ನು ತಿವಿಯುತ್ತವೆ. ನಾನು 17ಕ್ಕಿಂತ ಕಡಿಮೆ ಒಪ್ಪುವುದಿಲ್ಲ, ಮಕ್ಕಳ ಪುಸ್ತಕಕ್ಕೆ ಇನ್ನೂ ಹೆಚ್ಚು. ಆ ಪದವನ್ನು ‘ಕೀರ್ತಿ’ಯ ಮೇಲೆ ಇಟ್ಟು ಮುದ್ರಿಸಿ ನೋಡಿದರೆ ನನ್ನ ಹಠ ಯಾಕೆಂದು ಗೊತ್ತಾಗುತ್ತದೆ. ಪುಟ ಉಳಿಸಲು ಅಂತರ ಹಿಂಡುವ ಬದಲು ಒಂದು ಮುನ್ನುಡಿ ಕಡಿಮೆ ಮಾಡಿ. ನಮ್ಮಲ್ಲಿ ಹೇಗೂ ಮೂರು ಇರುತ್ತವೆ.

ಇಕ್ಕಟ್ಟಾದ ಅಂಕಣಗಳೂ ಬೇಡ. ‘ಮಾಡಬೇಕಾಗಿದ್ದುದರಿಂದ’ ಎಂಬಂಥ ಪದಗಳಿರುವ ಭಾಷೆಯನ್ನು ಎರಡೂ ಬದಿ ಸಮ ಮಾಡಿ ಕಿರಿದಾದ ಅಂಕಣದಲ್ಲಿ ತುರುಕಿದರೆ ಪದಗಳ ನಡುವೆ ಹಳ್ಳ ಹರಿಯುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ, ಇಲ್ಲವೇ ಅಂಕಣ ಅಗಲಿಸಿ. ಹಳೆಯ ಫಾಂಟಾದರೆ ಸಾಲಿನ ಮೊದಲ ಅಕ್ಷರವನ್ನು ಮಾತ್ರ ನೋಡುತ್ತ ಪುಟದುದ್ದಕ್ಕೂ ಒಮ್ಮೆ ಇಳಿಯಿರಿ. ತಾಯಿಯನ್ನು ಮೇಲಿನ ಸಾಲಿನಲ್ಲಿ ಬಿಟ್ಟು ಬಂದ ಅನಾಥ ಒತ್ತು ಅಲ್ಲಿ ಸಿಗುತ್ತದೆ.

ಫಾಂಟಿನಲ್ಲೇ ದಪ್ಪ ರೂಪ ಇಲ್ಲದಿದ್ದರೆ ತಂತ್ರಾಂಶದ ಗುಂಡಿ ಒತ್ತಿ ದಪ್ಪ ಮಾಡಬೇಡಿ. ದ ಮತ್ತು ಧಗಳ ವ್ಯತ್ಯಾಸ ತೋರುವ ಸೀಳು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಮಂತ್ರದಲ್ಲಿ ‘ದಧಿ’ ಇರುವುದು ಇದಕ್ಕೇ. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಸಾಕು.

ಇನ್ನು ಬಣ್ಣ. ನಾಲ್ಕು ಬಣ್ಣದ ಪುಸ್ತಕದಲ್ಲಿ ಪಠ್ಯದ ಕಪ್ಪು ಬರೀ ಕಪ್ಪು ಶಾಯಿಯಿಂದಲೇ ಬರಬೇಕು. ವರ್ಡ್‌ನಿಂದ ಬಂದ ಕಪ್ಪು ಪರಿವರ್ತನೆಯಾಗುವಾಗ ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಡುವುದುಂಟು. ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳಿಗೆ ಕೆಂಪು, ನೀಲಿ ನೆರಳು ಹತ್ತುತ್ತದೆ. ಪರೀಕ್ಷೆ ಸುಲಭ: ಅಕ್ರೋಬ್ಯಾಟ್ ಪ್ರೊನಲ್ಲಿ ಔಟ್‌ಪುಟ್ ಪ್ರಿವ್ಯೂ ತೆರೆದು ಕಪ್ಪಿನ ಮುಂದಿನ ಗುರುತನ್ನು ಮಾತ್ರ ತೆಗೆಯಿರಿ. ಪಠ್ಯವೆಲ್ಲ ಮಾಯವಾಗಬೇಕು. ಮಸುಕಾಗಿ ಉಳಿದರೆ ಕಡತ ವಾಪಸ್. ಅಲ್ಲಿಯೇ ದಾಖಲೆಯ ವಿವರ ತೆರೆದು ಎಲ್ಲ ಫಾಂಟುಗಳೂ ಕಡತದೊಳಗೆ ಅಡಕವಾಗಿವೆಯೇ ನೋಡಿ. ಗದಗಿನ ಅಚ್ಚುಕೂಟದವರಿಗೆ ಪಿಡಿಎಫ್ ಮಾತ್ರ ಕಳಿಸುತ್ತೇನೆ. ತೆರೆದ ಕಡತ ಕೊಟ್ಟರೆ ಅವರ ಯಂತ್ರದಲ್ಲಿರುವ ಫಾಂಟು ನಮ್ಮ ಪುಸ್ತಕಕ್ಕೆ ಹತ್ತುತ್ತದೆ.

ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಕುಗ್ಗಿರುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಂಗುಲಕ್ಕೆ 300 ಪಿಕ್ಸೆಲ್ ಲೆಕ್ಕದಲ್ಲಿ 1600 ಪಿಕ್ಸೆಲ್ ಉದ್ದದ ಚಿತ್ರ ಸುಮಾರು ಐದೂಕಾಲು ಅಂಗುಲಕ್ಕಷ್ಟೇ ಸಾಲುತ್ತದೆ. ಮ್ಯಾಪ್‌ಲಿಥೊ ಕಾಗದ ಶಾಯಿ ಕುಡಿಯುವುದರಿಂದ ಹಳೆಯ ಫೋಟೊಗಳನ್ನು ಪರದೆಯಲ್ಲಿ ಕಾಣುವುದಕ್ಕಿಂತ ತುಸು ತಿಳಿಯಾಗಿಸಿ. ಅಂಚಿಗೆ ತಾಗುವ ಚಿತ್ರ 3 ಮಿಲಿಮೀಟರ್ ಹೊರಚಾಚಿರಲಿ. 1/8 ಡೆಮಿ ಅಳತೆಯ ಪುಸ್ತಕಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸುವ ಹಾಳೆ, ಎಂದರೆ 16 ಪುಟ. ನಿಮ್ಮದು 163 ಆದರೆ ಮೂರು ಪುಟ ಕಡಿಯಿರಿ ಅಥವಾ ಹದಿಮೂರು ತುಂಬಿಸಿ, ಯಾವುದೆಂದು ಮೊದಲೇ ನಿರ್ಧರಿಸಿ. ಬೆನ್ನಿನ ದಪ್ಪವನ್ನು ಲೆಕ್ಕ ಹಾಕುವ ಬದಲು ಅದೇ ಕಾಗದದ ಡಮ್ಮಿ, ಅಂದರೆ ಖಾಲಿ ಹಾಳೆಗಳ ಮಾದರಿ ಪುಸ್ತಕ, ಕಟ್ಟಿಸಿ ಅಳೆಯಿರಿ, ರಕ್ಷಾಪುಟ ಆಮೇಲೆ.

ಕೊನೆಯ ಕರಡನ್ನು ಪರದೆಯಲ್ಲಿ ಓದಬೇಡಿ. ಮುದ್ರಿಸಿ, ಮೊದಲು ಪಠ್ಯವನ್ನು ಬಿಟ್ಟು ಉಳಿದದ್ದನ್ನೇ ನೋಡಿ: ಪುಟಸಂಖ್ಯೆ, ಪುಟದ ತಲೆಬರಹ, ಪರಿವಿಡಿಯ ಅಂಕಿ, ಚಿತ್ರಶೀರ್ಷಿಕೆ, ಬೆಲೆ, ಬಳಸಿದ ಕಾಗದ ಇತ್ಯಾದಿ ಇರುವ ತಾಂತ್ರಿಕ ಪುಟ. ತಪ್ಪುಗಳು ಬೀಡುಬಿಡುವುದು ಯಾರೂ ಓದದ ಈ ಜಾಗಗಳಲ್ಲೇ. ತಿದ್ದಿದ ಮೇಲೆ ಆ ಸಾಲನ್ನಷ್ಟೇ ಅಲ್ಲ, ಪ್ಯಾರಾ ಮುಗಿಯುವವರೆಗೂ ಮತ್ತೆ ಓದಿ.

ಅಚ್ಚಿನ ದಿನ ಸಾಧ್ಯವಾದರೆ ಗದಗಿಗೆ ಬೆಳಗಿನ ಬಸ್ ಹಿಡಿಯುತ್ತೇನೆ. ಮೊದಲ ಹಾಳೆ ಹೊರಬಂದಾಗ ಅದನ್ನು ಅಲ್ಲೇ ನೆಲದ ಮೇಲೆ ಮಡಿಸಿ ಪುಟಗಳ ಕ್ರಮ ಎಣಿಸುತ್ತೇನೆ. ಆಮೇಲೆ ‘ಸ್ವಾತಂತ್ರ್ಯ’ ಎಲ್ಲಿದೆ ಎಂದು ಹುಡುಕುತ್ತೇನೆ.